ಗೋಡೆಗೆ ಅಂಟಿಸಿದ ತಪಾಸಣೆಯ ಹಾಳೆ

ಅಕ್ಟೋಬರ್ ೧೪, ಮಂಗಳವಾರ. ತಾಂಪೆರೆ.

ನಿರಾಶ್ರಿತರ ನೆರವಿಗಿರುವ ನಮ್ಮ ಸಂಘದ ವ್ಯಾನ್ ವಾರ್ಷಿಕ ತಪಾಸಣೆಯಲ್ಲಿ ಫೇಲಾಯಿತು. ನಾಲ್ಕೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿ. "ಬಡವರ ಗಾಡಿ ಅಂದ್ರೆ ನಿಮಗೆ ಸದರ!" ಎಂದು ತಪಾಸಣೆ ಮಾಡಿದ ರೌನಿಯವರ ಮೇಲೆ ಕೂಗಾಡಿದೆ.

"ಭಾಷಣ ಆಮೇಲೆ ಮಾಡುವಂತೆ ತಾಯಿ, ಈಗ ಗಾಡಿ ಕೆಳಗಿನ ಗುಂಡಿಗಿಳಿದು ನೋಡು," ಎಂದರು.

ಬ್ರೇಕ್ ಪೈಪನ್ನು ಅವರು ಬೆರಳಲ್ಲಿ ಒತ್ತಿದರೆ ತುಕ್ಕು ಉದುರಿ ಎಣ್ಣೆ ಜಿನುಗಿತು.

"ಹೋದ ವರ್ಷಾನೇ ತಪಾಸಣೆ ಹಾಳೇಲಿ ಬರೆದುಕೊಟ್ಟಿದ್ನಲ್ಲ, ಓದ್ಲಿಲ್ವಾ?"

ಸಿಕ್ಕ ಕರಪತ್ರವನ್ನೆಲ್ಲ ಓದುವ ನಾನು ಆ ಹಾಳೆಯನ್ನು ಮಾತ್ರ ಓದದೆ, ಅದರ ಹಿಂಬದಿಯಲ್ಲಿ ಘೋಷಣೆ ಬರೆದು ಸಂಘದ ಕಚೇರಿಯ ಗೋಡೆಗೆ ಅಂಟಿಸಿದ್ದೆ.

ಶನಿವಾರ ನಿರಾಶ್ರಿತರ ಎಂಟು ಮಕ್ಕಳನ್ನು ಕೂರಿಸಿಕೊಂಡು ಇದೇ ವ್ಯಾನಿನಲ್ಲಿ ಕಡಿದಾದ ಪಿಸ್ಪಾಲ ದಿಬ್ಬ ಇಳಿಯುವವಳಿದ್ದೆ. ರೌನಿಯವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳದೆ ಕಚೇರಿಗೆ ವಾಪಸ್ ಬಂದೆ.

ಈಗ ಹಾಳೆಯನ್ನು ಕಿತ್ತು, ತಿರುಗಿಸಿ ಅಂಟಿಸಿದ್ದೇನೆ. ಅಂಚಿನಲ್ಲಿ ಅವರದೇ ಪೆನ್ನಿನ ಸಾಲು: "ಚಳಿಗಾಲಕ್ಕೆ ಮುಂಚೆ ಪೈಪ್ ಬದಲಿಸು, ಜೋಪಾನ." ಎಷ್ಟು ದುಂಡಗೆ ಬರೆದಿದ್ದಾರೆ, ನನ್ನಂಥವಳಿಗೂ ಓದಲು ಬರುವ ಹಾಗೆ.