ತಗ್ಗಿನ ಪಾತಿಯ ಲೆಟ್ಯೂಸ್

ಕೆಳಗೇರಿ, ಹಿಮಸೀಮೆ
ಶಕವರ್ಷ ೨೨೧೯, ಮರುಯುಗಾದಿ ಕಳೆದ ಸೋಮವಾರ

ಇನ್ನೂ ಹುಟ್ಟದ ನನ್ನ ಮರಿಮಕ್ಕಳ ಮೊಮ್ಮಕ್ಕಳಿಗೆ,

ನಿಮ್ಮ ಕಾಲಕ್ಕೆ ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಮರುಯುಗಾದಿ ಎಂದರೆ ನಮ್ಮ ಎರಡನೆಯ ಯುಗಾದಿ. ಪಂಚಾಂಗದ ಯುಗಾದಿ ಬಂದಾಗ ಇಲ್ಲಿ ಮೊಣಕಾಲುದ್ದ ಹಿಮವಿರುತ್ತದೆ. ಬೆಲ್ಲ ತಿಂದು ಬಾಗಿಲು ಹಾಕಿಕೊಳ್ಳುತ್ತೇವೆ. ಮಣ್ಣು ಮೆತ್ತಗಾದ ಮೇಲೆ ಇನ್ನೊಮ್ಮೆ ಹಬ್ಬ ಮಾಡಿ ಲೆಟ್ಯೂಸ್ ಸಸಿ ನೆಡುತ್ತೇವೆ. ಹಿರಿಯರು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುತ್ತಿದ್ದ ಹಕ್ಕರಕಿ ಸೊಪ್ಪು ಈ ಚಳಿಗೆ ಬರಲಿಲ್ಲ, ಆ ಜಾಗಕ್ಕೆ ಲೆಟ್ಯೂಸ್ ಬಂತು. ಚಳಿಗಾಲವಿಡೀ ಒಣಗಿಸಿದ ಕಾಯಿಪಲ್ಲೆ ತಿಂದ ಬಾಯಿಗೆ ಅದರ ಮೊದಲ ಎಲೆ, ಶೇಂಗಾ ಹಿಂಡಿ, ಬಿಸಿ ರೊಟ್ಟಿ ಸಿಕ್ಕರೆ ಮತ್ತೇನೂ ಬೇಡ.

ನೆಡುವ ದಿನ ಹೇಳುವವಳು ನಾನು. ಸುಡುಮಂಜು, ಅಂದರೆ ಎಳೆ ಎಲೆಯನ್ನು ಕರಕಲು ಮಾಡುವ ಮಂಜು, ನಿಂತಿತೋ ಇಲ್ಲವೋ ತಿಳಿಯಲು ಸಂಜೆ ಒದ್ದೆ ಬಟ್ಟೆಯೊಂದನ್ನು ಊರಿನ ತೀರ ತಗ್ಗಿನ ಪಾತಿಯಲ್ಲಿ ಹಾಸಬೇಕು. ಚಳಿ ನೀರಿದ್ದ ಹಾಗೆ, ತಗ್ಗಿಗೇ ಹರಿಯುತ್ತದೆ. ಬೆಳಿಗ್ಗೆ ಬಟ್ಟೆ ಸೆಟೆದಿದ್ದರೆ ನೆಡುವಂತಿಲ್ಲ. ಆ ಪಾತಿ ಊರ ಸಭೆ ಎದುರುಮನೆಯ ಗುರುಪಾದನಿಗೆ ಹಂಚಿಕೊಟ್ಟದ್ದು. ಈ ಸಲ ಇಳಿಜಾರು ಇಳಿಯಲು ಬೇಸರವಾಗಿ ಬಟ್ಟೆಯನ್ನು ನನ್ನ ಹಿತ್ತಲಲ್ಲೇ ಹಾಸಿದೆ. ಬೆಳಿಗ್ಗೆ ಅದು ಮೆತ್ತಗಿತ್ತು. ನೆಡಿರಿ ಎಂದೆ, ಎಲ್ಲರೂ ನೆಟ್ಟರು. ಮರುದಿನ ಮೇಲಿನ ಪಾತಿಗಳೆಲ್ಲ ಹಸಿರಾಗಿದ್ದವು, ಗುರುಪಾದನ ಸಸಿಗಳು ಮಾತ್ರ ಸುಟ್ಟು ಕಪ್ಪಾಗಿದ್ದವು.

ಹೊದಿಕೆ ಹಾಕದ ಸೋಮಾರಿ ಎಂದು ಊರು ಅವನನ್ನು ಬೈಯುತ್ತಿದೆ. ನಾಳೆಯ ಸಭೆಯಲ್ಲಿ ಆ ಪಾತಿಯನ್ನು ಕಿತ್ತುಕೊಂಡು ನನಗೆ ಕೊಡುತ್ತಾರಂತೆ, ಮಂಜು ಬಲ್ಲವಳೆಂದು! ನಾನು ಬೇಡ ಎನ್ನಲಿಲ್ಲ. ಇವತ್ತು ಅವನೇ ಬಂದು ಬಾಗಿಲಲ್ಲಿ ನಿಂತು, “ನಿಮ್ಮ ಮಾತಿನ್ಯಾಗ ತಪ್ಪಿಲ್ರಿ ಅಕ್ಕಾರ, ನಾನ ಹೊದಿಸಬೇಕಿತ್ತು. ಪಾತಿ ಹೋದ್ರ ಮಕ್ಕಳಿಗೆ ಏನ್ ಹಾಕ್ಲಿ?” ಎಂದ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ನಾನೇ ಹೆಗಲು ಮುಟ್ಟಿಕೊಂಡೆ. ಚಹಾ ಕೊಟ್ಟು ಕಳಿಸಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿದೆ.

ನಿಮಗೆ ಹೇಳುವುದು ಸುಲಭ, ನೀವಿನ್ನೂ ಹುಟ್ಟಿಲ್ಲ. ಎದುರುಮನೆಯವನಿಗೆ ಹೇಳಲು ಬಾಯಿ ಬರುತ್ತಿಲ್ಲ. ಆದರೂ ನಾಳೆ ಈ ಕಾಗದವನ್ನೇ ಸಭೆಯಲ್ಲಿ ಓದಿ, ಆಮೇಲೆ ಒಲೆಗೆ ಹಾಕಬೇಕೆಂದಿದ್ದೇನೆ. ಹಾಗೆ ಮಾಡಿದರೆ ಇದು ನಿಮ್ಮವರೆಗೆ ಬರುವುದಿಲ್ಲ. ಬಂದಿದ್ದರೆ, ಆ ತಗ್ಗಿನ ಪಾತಿ ಈಗ ನಿಮ್ಮ ಕೈಯಲ್ಲಿರಬೇಕು. ಅದನ್ನು ಗುರುಪಾದನ ವಂಶದವರಿಗೆ ಬಿಟ್ಟುಕೊಡಿ.

ನೀಲವ್ವ