ಒಲೆ ಹಚ್ಚಿರಲಿಲ್ಲ, ಮಧುಕುಮಾರ

ಮಧುಕುಮಾರನಿಗೆ,

ಕಳೆದ ಕಾರ್ತಿಕದ ಕಡೆಯ ಸೋಮವಾರ ಕೊಂಬಿನಕಲ್ಲು ಬೆಟ್ಟದಲ್ಲಿ ಹೆಜ್ಜೇನು ಎಬ್ಬಿಸಿದವನು ನೀನು. ಅದೇ ಸಂಜೆ ಮಾಗಡಿಯ ಆಸ್ಪತ್ರೆ ಬಾಗಿಲಲ್ಲಿ ನಿಂತು, ಒಲೆಯ ಹೊಗೆಗೆ ಜೇನು ಎದ್ದಿತೆಂದು ಊರಿಗೆ ಹೇಳಿದವನೂ ನೀನೇ. ಆ ಒಲೆ ನನ್ನ ಅಕ್ಕ ಬೋರಮ್ಮನದು. ಜೇನು ಕಚ್ಚಿಸಿಕೊಂಡು, ಎರಡು ದಿನ ನರಳಿ ತಿಮ್ಮಯ್ಯ ಸತ್ತ. ಅವತ್ತಿನಿಂದ ಇವತ್ತಿನವರೆಗೆ ಆ ಸಾವು ನನ್ನ ಅಕ್ಕನ ತಲೆಯ ಮೇಲಿದೆ.

ಬರೆಯುತ್ತಿರುವುದು ನಿನಗೆ. ಆದರೆ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೂ ಅಂಟಿಸುತ್ತೇನೆ. ಹಾಗಾಗಿ ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯಬೇಕಾಗಿದೆ, ಸಹಿಸಿಕೊ. ಕನಕಪುರದ ಕೋರ್ಟಿನಲ್ಲಿ ಸರ್ವೀಸಿನುದ್ದಕ್ಕೂ ಸಾಕ್ಷಿಗಳ ಮಾತು ಕೇಳಿದವನು ನಾನು. ಪೂರಾ ಸುಳ್ಳು ಹೇಳುವವರು ಕಡಿಮೆ. ಹೆಚ್ಚಿನವರು ನಿಜವನ್ನೇ ಹೇಳುತ್ತ ಬಂದು, ತಮಗೆ ಅನುಕೂಲವಾದ ಜಾಗದಲ್ಲಿ ನಿಲ್ಲಿಸಿಬಿಡುತ್ತಾರೆ. ಹೊಗೆಗೆ ಹೆಜ್ಜೇನು ಏಳುತ್ತದೆ ಎಂಬುದು ನಿಜ. ನೀನು ಅಷ್ಟು ಹೇಳಿ ಬಾಯಿ ಮುಚ್ಚಿದೆ. ಮಿಕ್ಕಿದ್ದನ್ನು ಊರು ತಾನೇ ಸೇರಿಸಿಕೊಂಡಿತು.

ಬೆಟ್ಟದ ಪರ ಎಂದರೇನೆಂದು ನಿನಗೆ ಗೊತ್ತು. ಕಲ್ಯ ಗ್ರಾಮದಿಂದಾಚೆಗೆ ನಮ್ಮ ಊರೊಂದೇ ಇದನ್ನು ಇನ್ನೂ ಬಿಡದೆ ಮಾಡುತ್ತಿರುವುದು. ಊರಿನವರೆಲ್ಲ ಅಕ್ಕಿ ಬೇಳೆ ಹೊತ್ತು ಬೆಟ್ಟದ ಬುಡಕ್ಕೆ ಹೋಗುತ್ತಾರೆ, ಅಲ್ಲೇ ಬೇಯಿಸಿ, ಬಸಪ್ಪನಿಗೆ ಎಡೆ ಇಟ್ಟು, ಒಟ್ಟಿಗೆ ಕೂತು ಉಣ್ಣುತ್ತಾರೆ. ಮೊದಲ ಒಲೆಯನ್ನು ಒಬ್ಬ ಹೆಂಗಸು ಹಚ್ಚಬೇಕು. ಆ ಬೆಂಕಿಯಿಂದಲೇ ಬೇರೆ ಒಲೆಗಳೆಲ್ಲ ಹೊತ್ತಿಕೊಳ್ಳಬೇಕು. ಅಕ್ಕನನ್ನು ಊರೊಳಗೇ ಕೊಟ್ಟಿದ್ದೆವು. ಅವಳ ಅತ್ತೆಯ ಕಾಲ ಮುಗಿದ ಮೇಲೆ ಆ ಕೆಲಸ ಅವಳ ಪಾಲಿಗೆ ಬಂತು. ಹಿಂದಿನ ದಿನದಿಂದಲೇ ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ಮೂರು ಕಲ್ಲು ಜೋಡಿಸಿ, ಕುಂಕುಮವಿಟ್ಟು, ಕಡ್ಡಿ ಗೀರುತ್ತಿದ್ದಳು. ಮೇಲೆ ಬಂಡೆಯ ಚಾಚಿನಲ್ಲಿ ಹೆಜ್ಜೇನಿನ ಹುಟ್ಟುಗಳು ಕರಿ ಕಂಬಳಿ ನೇತುಹಾಕಿದ ಹಾಗೆ ಇದ್ದೇ ಇರುತ್ತಿದ್ದವು. ಅಷ್ಟು ವರ್ಷ ಹೊಗೆ ಹೋಯಿತು, ಒಂದು ನೊಣವೂ ಕೆಳಗಿಳಿದಿರಲಿಲ್ಲ.

ಈ ವರ್ಷವೇ ಯಾಕೆ ಎದ್ದವು ಎಂದು ಜನ ಕೇಳಿಕೊಂಡರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿನ್ನ ಹತ್ತಿರ ಇತ್ತು, ನೀನು ಕೊಡಲಿಲ್ಲ. ಹಾಗಾಗಿ ಊರು ತನಗೆ ಗೊತ್ತಿರುವ ಉತ್ತರ ಕೊಟ್ಟುಕೊಂಡಿತು. ಆ ತಿಂಗಳು ದೊಡ್ಡಆಲಹಳ್ಳಿಯಲ್ಲಿ ಅಕ್ಕನ ಗಂಡನ ಕಡೆಯವರೊಬ್ಬರು ತೀರಿಕೊಂಡಿದ್ದರು. ಸೂತಕ ಕಳೆದು, ತಲೆಗೆ ನೀರು ಹಾಕಿಕೊಂಡು, ಮನೆ ಸಾರಿಸಿಯೇ ಅವಳು ಬೆಟ್ಟಕ್ಕೆ ಬಂದದ್ದು. ಯಾರು ಕೇಳುತ್ತಾರೆ. ಹಾಲಿನ ಡೈರಿಯ ಮುಂದೆ ದೇವರಾಜು ಕ್ಯಾನಿನ ಮೇಲೆ ಕೂತು, "ಮೈಲಿಗೆ ಪೂರ್ತಿ ಕಳೀದೆ ಒಲೆ ಹಚ್ಚವ್ಳೆ ಕಣ್ಲಾ. ಬಸಪ್ಪ ಸುಮ್ಕಿರ್ತಾನಾ, ಕಳಿಸ್ಬುಟ್ಟ ನೋಡು" ಅಂದ. ಅಷ್ಟಕ್ಕೆ ತೀರ್ಪು ಮುಗಿಯಿತು. ಎರಡು ಕಡೆಯ ವಾದ ಕೇಳದೆ ಇಷ್ಟು ಬೇಗ ಮುಗಿದ ಕೇಸನ್ನು ಕನಕಪುರದಲ್ಲೂ ನಾನು ನೋಡಿರಲಿಲ್ಲ.

ಅಕ್ಕ ಏನು ಹೇಳಿದಳು ಗೊತ್ತೇ? ನಾನು ಎಷ್ಟು ಸಲ ಕೇಳಿದರೂ ಒಂದೇ ಮಾತು. "ಹಚ್ಚಿದ್ನೋ ಇಲ್ವೋ ಗ್ಯಾನ ಇಲ್ಲ ಕಣಪ್ಪ. ಎಲ್ಲಾರೂ ಹಚ್ದೆ ಅಂತಾರೆ, ಹಚ್ಚಿರ್ಬೇಕು." ಅವಳು ಕಡ್ಡಿ ಗೀರಿದಳೋ ಇಲ್ಲವೋ ಎಂದು ನಾವ್ಯಾರೂ ಆಗ ಗಮನಿಸಿರಲಿಲ್ಲ. ಜೇನು ಮುತ್ತಿದ ಮೇಲೆ ಹಸಿ ಸೊಪ್ಪು ಒಟ್ಟಿ ಹೊಗೆ ಹಾಕಿದವರು ನಾವೇ ಗಂಡಸರು, ಅದೂ ಅವಳ ಒಲೆಗೇ. ಆಮೇಲೆ ಅಲ್ಲಿ ಉಳಿದ ಬೂದಿ ಯಾವ ಬೆಂಕಿಯದೆಂದು ಯಾರು ಹೇಳಬೇಕು? ಅವಳು ತಪ್ಪುಕಾಣಿಕೆ ಕಟ್ಟಿ, ಬಸಪ್ಪನ ಮುಂದೆ ಅಡ್ಡಬಿದ್ದು ಬಂದಳು. ಅಲ್ಲಿಗೆ ಮುಗಿಯಬೇಕಿತ್ತು. ಅವತ್ತಿನಿಂದ ಮನೆಯ ಗ್ಯಾಸ್ ಒಲೆಯನ್ನೂ ಅವಳು ತನ್ನ ಕೈಯಲ್ಲಿ ಹಚ್ಚುವುದಿಲ್ಲ. ಸೊಸೆ ಭಾನುಪ್ರಿಯ ಗಾರ್ಮೆಂಟ್ಸಿನಿಂದ ಬರುವವರೆಗೆ, ಕಾಫಿ ಬೇಕೆನಿಸಿದರೂ ಸುಮ್ಮನೆ ಕೂತಿರುತ್ತಾಳೆ. ತಿಮ್ಮಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ, ದಿನಕ್ಕೊಂದು ಸಲ ಎಲೆಅಡಿಕೆಗೆ ಅಂತ ಬರುತ್ತಿದ್ದವಳು, ಈಗ ಅಕ್ಕ ಎದುರಿಗೆ ಸಿಕ್ಕರೆ ಸೆರಗು ಎಳೆದುಕೊಂಡು ಪಕ್ಕದ ಓಣಿಗೆ ಇಳಿಯುತ್ತಾಳೆ. ಅವಳನ್ನು ನಾನು ಬಯ್ಯಲಾರೆ. ಗಂಡನನ್ನು ಕಳೆದುಕೊಂಡವಳಿಗೆ ನೀನು ತಪ್ಪು ಹೆಸರು ಕೊಟ್ಟೆ, ಅಷ್ಟೇ.

ಈಗ ನಿನ್ನ ಡಬ್ಬಿಯ ವಿಚಾರ.

ನೀನು ಚನ್ನಪಟ್ಟಣದಲ್ಲಿ ಮದುವೆ ಶೂಟಿಂಗ್ ಶುರುಮಾಡಿ, ಆ ಡ್ರೋನನ್ನೂ ಮುಖಕ್ಕೆ ಕಟ್ಟುವ ಡಬ್ಬಿಯನ್ನೂ ಊರಿಗೆ ಮೊದಲ ಸಲ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಒಳಗೆ ಫೋನು ತೂರಿಸಿ, ಪಟ್ಟಿ ಬಿಗಿದು, ಒಬ್ಬೊಬ್ಬರಿಗೂ ಹಾಕಿ ತೋರಿಸಿದೆ. ಡ್ರೋನು ಕಂಡದ್ದೆಲ್ಲ ಕಣ್ಣಿಗೆ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಅಕ್ಕ ಎರಡು ಕೈಯಲ್ಲೂ ಕಂಬ ತಬ್ಬಿಕೊಂಡು, "ಇಳ್ಸಪ್ಪೋ ನನ್ನ, ಕಾಲಡೀಲಿ ನೆಲನೇ ಇಲ್ಲ" ಅಂದಳು. ತಿಮ್ಮಯ್ಯ ತನ್ನ ಸರದಿ ಬಂದಾಗ, "ಲೇ ಮಧು, ಹಂಗೇ ನಮ್ಮ ಹೊಲದ ಮ್ಯಾಲೆ ಓಡ್ಸು. ಇವ್ಳು ಕಳೆ ಕೀಳ್ತಾವ್ಳಾ, ಮಾತಾಡ್ತಾ ಕುಂತವ್ಳಾ, ಒಸಿ ನೋಡ್ಬುಡಾನ" ಅಂದ. ದೊಡ್ಡಲಕ್ಷ್ಮಮ್ಮ ಹಿಂದಿನಿಂದಲೇ, "ನಿನ್ನ ನೋಡಾಕೆ ಯಾವ ಡಬ್ಬೀನೂ ಬ್ಯಾಡ, ಅರಳೀಕಟ್ಟೆ ನೋಡುದ್ರೆ ಸಾಕು" ಅಂದಳು. ಹಾಗೆ ನಿನ್ನನ್ನು ನಂಬಿ ಕಣ್ಣು ಮುಚ್ಚಿಸಿಕೊಂಡವರು ಇವರು.

ಪರದ ದಿನ ಬೆಳಗ್ಗೆ ನೀನು ಒಂದೆರಡು ಸುತ್ತು ಡ್ರೋನು ಹಾರಿಸಿದ್ದನ್ನು ಎಲ್ಲರೂ ನೋಡಿದ್ದೆವು. ಆಮೇಲೆ ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಡಬ್ಬಿ ಕಟ್ಟಿಕೊಂಡೇ ನಿಂತಿದ್ದೆ. ಸುತ್ತ ತಮಟೆ ಸದ್ದು. ಆಸ್ಪತ್ರೆ ಮುಂದೆ ನಿನ್ನನ್ನು ಕೇಳಿದವನು ನಾನೇ. ನೀನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. "ಬ್ಯಾಟರಿ ಮುಗ್ದೋಗಿತ್ತು ಮಾವ, ಆಗ್ಲೇ ಇಳ್ಸಿದ್ದೆ. ಹಳೇ ವಿಡಿಯೋ ನೋಡ್ತಾ ನಿಂತಿದ್ದೆ. ಒಲೆ ಹೊಗೆ ಸೀದಾ ಮ್ಯಾಕೋಯ್ತು, ಅದ್ಕೇ ಎದ್ಬುಟ್ವು." ಡಬ್ಬಿ ಕಟ್ಟಿಕೊಂಡವನು ಆಕಾಶದಲ್ಲಿ ಹಾರಿಸುತ್ತಿದ್ದಾನೋ, ಹಳೆಯ ವಿಡಿಯೋ ನೋಡುತ್ತಿದ್ದಾನೋ, ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ನೀನು ಅಡಗಿಕೊಂಡಿರುವುದು ಅಲ್ಲಿಯೇ. ಹಳೆಯ ವಿಡಿಯೋ ನೋಡುತ್ತಿದ್ದವನಿಗೆ ಹೊಗೆ ಹೇಗೆ ಕಾಣಿಸಿತು ಎಂದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಇಡೀ ಊರಿನ ಮುಖ ಊದಿಕೊಂಡಿತ್ತು. ಊದದೆ ಇದ್ದ ಮುಖ ನಿನ್ನದೊಂದೇ. ಡಬ್ಬಿ ಅದನ್ನು ಕಾಪಾಡಿತ್ತು.

ಕಳೆದ ತಿಂಗಳು ಹೊಂಗನೂರಿನ ನೆಂಟರ ಮನೆಗೆ ಹೊರಟವನು ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯಬೇಕಾಯಿತು. ಫೋನಿನ ಗಾಜು ಒಡೆದಿತ್ತು. ಸಮೀವುಲ್ಲಾನ ಅಂಗಡಿಗೆ ಹೋದೆ. ನೀನು ನಿನ್ನ ಡಬ್ಬಿಗಳನ್ನು ಮಾರಲು ಇಟ್ಟಿರುವುದು ಅಲ್ಲೇ ಎಂದು ನನಗೆ ಗೊತ್ತಿರಲಿಲ್ಲ. ನಾನು ಯಾವ ಊರಿನವನೆಂದು ಅವನಿಗೂ ಗೊತ್ತಿರಲಿಲ್ಲ. ಗಾಜು ಕೂರಿಸುವವರೆಗೆ ಬೇಜಾರಾಗದಿರಲಿ ಎಂದು ಒಂದು ಡಬ್ಬಿ ತಂದು, "ನೋಡಿ ಸಾರ್, ನಮ್ಮ ಮಧು ಬೆಟ್ಟದ ಮೇಲೆ ಓಡಿಸಿರೋದು, ಎಡಿಟಿಂಗೇ ಇಲ್ಲ. ತಲೆ ಸುತ್ತಿದ್ರೆ ಕೌಂಟರ್ ಹಿಡ್ಕೊಳ್ಳಿ" ಅಂದ. ಕಟ್ಟಿಕೊಂಡೆ.

ನಾನು ನಮ್ಮ ಬೆಟ್ಟದ ಮೇಲಿದ್ದೆ. ಕೆಳಗೆ ಪರದ ಜನ. ಮರದ ನೆರಳಲ್ಲಿ ಪಾತ್ರೆಗಳು, ಸೌದೆ ಹೊರೆ. ನೀನು ನಿಧಾನವಾಗಿ ಇಳಿದೆ. ಟ್ರೈಲರಿನ ಮೇಲೆ ಡಬ್ಬಿ ಕಟ್ಟಿಕೊಂಡ ಒಬ್ಬ ನಿಂತಿದ್ದ, ಎರಡು ಕೈಯಲ್ಲೂ ರಿಮೋಟು ಹಿಡಿದು. ಅದು ನೀನು, ಮಧುಕುಮಾರ. ನಿನ್ನನ್ನು ನೀನೇ ಮೇಲಿನಿಂದ ನೋಡಿಕೊಂಡು ಒಂದು ಕೈ ಬಿಡಿಸಿ ಬೀಸಿದೆ. ಹಳೆಯ ವಿಡಿಯೋ ನೋಡುವವನಿಗೆ ರಿಮೋಟು ಯಾಕೆ ಬೇಕಿತ್ತು?

ಆಮೇಲೆ ಅಕ್ಕ ಕಂಡಳು. ಒದ್ದೆ ಸೀರೆ, ಬಗ್ಗಿದ ಬೆನ್ನು. ಮೂರನೆಯ ಕಲ್ಲು ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ಅಲುಗಾಡಿಸಿ ಕೂರಿಸುತ್ತಿದ್ದಳು. ಕಲ್ಲುಗಳ ನಡುವೆ ಬರಿಯ ಮಣ್ಣು. ಸೌದೆಯನ್ನೇ ಇನ್ನೂ ಇಟ್ಟಿರಲಿಲ್ಲ. ಅವಳದು ಹೊತ್ತದೆ ಬೇರೆ ಒಲೆ ಹೊತ್ತುವ ಹಾಗಿಲ್ಲ, ಹಾಗಾಗಿ ಇಡೀ ಬುಡದಲ್ಲಿ ಎಲ್ಲೂ ಹೊಗೆ ಇಲ್ಲ. ಆಗ ನೀನು ಮೇಲಕ್ಕೆ ತಿರುಗಿದೆ. ಬಂಡೆಯ ಚಾಚು ಹತ್ತಿರ ಬಂತು. ಕರಿ ಹುಟ್ಟು ಒಂದು ಸಲ ಮೈ ನಡುಗಿಸಿ ಎಚ್ಚರಿಕೆ ಕೊಟ್ಟಿತು. ನೀನು ಇನ್ನೂ ಹತ್ತಿರ ಹೋದೆ. ಡಬ್ಬಿಯೊಳಗಿನ ನಿನ್ನ ಫೋನು ನಿನ್ನ ಬಾಯಿಯ ಮಾತನ್ನೂ ಹಿಡಿದಿಟ್ಟಿತ್ತು. "ಏನ್ ಸೀನ್ ಲಾ ಇದು. ಇನ್ನೊಸಿ ಹತ್ರ. ಇನ್ನೊಸಿ." ಹುಟ್ಟು ಕಳಚಿ ಕಪ್ಪಗೆ ಮುಖಕ್ಕೆ ಬಂದಾಗ ನಾನು ಸಮೀವುಲ್ಲಾನ ಅಂಗಡಿಯಲ್ಲಿ ಸ್ಟೂಲಿನಿಂದ ಹಿಂದಕ್ಕೆ ಬಿದ್ದೆ. ನೀನು ನಕ್ಕೆ. ಅದೂ ಕೇಳಿಸುತ್ತದೆ.

ಹೆಜ್ಜೇನು ಎದ್ದದ್ದನ್ನು ಆ ಬೆಟ್ಟದಲ್ಲಿ ಮೊದಲು ಕಂಡವನು ನೀನೊಬ್ಬನೇ. ಕೆಳಗಿದ್ದವರಿಗೆ ಅದು ತಿಳಿಯುವ ಮುಂಚೆ ನಿನಗೆ ತಿಳಿದಿತ್ತು. ತಿಮ್ಮಯ್ಯ ನಿನ್ನ ಟ್ರೈಲರಿನ ಚಕ್ರಕ್ಕೆ ಒರಗಿ ಬೀಡಿ ಹುಡುಕುತ್ತಿದ್ದ. ಜೇನು ಬತ್ತಾವೆ, ಓಡ್ರೋ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ನಿನ್ನ ಮೈ ನಮ್ಮ ನಡುವೆ ನಿಂತಿತ್ತು, ನೀನು ಇರಲಿಲ್ಲ. ಗೊತ್ತಿಲ್ಲದೆ ಹುಟ್ಟಿನ ಹತ್ತಿರ ಹೋದೆ ಎಂದರೆ ನಂಬಿ ಕ್ಷಮಿಸಬಲ್ಲೆ. ಕೂಗದೆ ಇದ್ದದ್ದನ್ನು ಕ್ಷಮಿಸಲಾರೆ. ಆಮೇಲೆ ಒಬ್ಬ ಮುದುಕಿಯ ಹೆಸರಿನ ಹಿಂದೆ ಅಡಗಿದ್ದನ್ನಂತೂ ಸಾಯುವವರೆಗೆ ಮರೆಯುವುದಿಲ್ಲ.

ಈ ಜೇನಿಗೇ ನಮ್ಮೂರಲ್ಲಿ ಒಬ್ಬ ಸತ್ತನೆಂದು ಸಮೀವುಲ್ಲಾನಿಗೆ ಹೇಳಿ ಬಂದಿದ್ದೆ. ವಿಡಿಯೋದ ಪ್ರತಿ ಕೇಳಲು ಮಾರನೆಯ ದಿನ ಮತ್ತೆ ಹೋದೆ. ವಿಡಿಯೋ ಇರಲಿಲ್ಲ. ಸಮೀವುಲ್ಲಾ ತಲೆ ತಗ್ಗಿಸಿಕೊಂಡು, "ನೀವು ಹೀಗೆ ಅಂದ್ರಿ ಅಂತ ಅವ್ನಿಗೆ ಫೋನ್ ಮಾಡ್ದೆ ಸಾರ್. ಬಂದು ಅಳಿಸಿಕೊಂಡು ಹೋದ" ಅಂದ. ಗಿರಾಕಿಯ ಫೋನು ಪಕ್ಕಕ್ಕಿಟ್ಟು, "ವಿಡಿಯೋ ಹೋಯ್ತು. ನಾನ್ ನೋಡಿರೋದು ಹೋಗ್ಲಿಲ್ಲ. ಕರೆದ್ರೆ ಬರ್ತೀನಿ" ಅಂದ. ನಿನ್ನ ಜೊತೆ ವ್ಯಾಪಾರ ಮಾಡುವವನು ಹೇಳಿದ ಮಾತಿದು, ನೆನಪಿಟ್ಟುಕೊ.

ಅಕ್ಕನಿಗೆ ಹೇಳಿದೆ. "ಹಚ್ಚಿರ್ಲಿಲ್ವಾ?" ಅಂದಳು. ಸೌದೆಯನ್ನೇ ಇಟ್ಟಿರಲಿಲ್ಲ ಕಣಕ್ಕ ಅಂದೆ. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು, ಮತ್ತೆ, "ಹಚ್ಚಿರ್ಲಿಲ್ವಾ?" ಅಂದಳು. ಊರು ಸೇರಿಸಿ ಹೇಳುತ್ತೇನೆ ಎಂದು ಎದ್ದೆ. ಅವಳು ನನ್ನ ಪಂಚೆ ಹಿಡಿದು ಕೂರಿಸಿದಳು. "ನೀ ಹೇಳುದ್ರೆ ತಮ್ಮ ಅಲ್ವಾ, ಹೇಳ್ತಾನೆ ಅಂತಾರೆ. ಆ ಸಾಬರ ಹುಡ್ಗ ಹೇಳುದ್ರೆ ನಮ್ಮ ಬೆಟ್ಟದ ಇಚಾರ ಅವನಿಗೇನ್ ಗೊತ್ತು ಅಂತಾರೆ. ದೊಡ್ಡಲಕ್ಷ್ಮಿ ನಂಬ್ಬೇಕಲ್ಲಪ್ಪ ನನ್ನ. ಆ ಮಧುನೇ ಬಂದು ಹೇಳ್ಬೇಕು."

ಅವಳಿಗೆ ಬೇಕಿರುವುದು ಅಷ್ಟು. ನನಗೆ ಬೇಕಿರುವುದು ಇನ್ನೂ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಪೊಲೀಸಿಗೆ ದೂರು ಕೊಡುವ ದಾರಿ ನನಗೆ ಗೊತ್ತು, ಕೊಡುತ್ತೇನೆ. ಆದರೆ ಕೋರ್ಟು ನಿನ್ನನ್ನು ಏನು ಮಾಡಿದರೂ ದೊಡ್ಡಲಕ್ಷ್ಮಮ್ಮ ಅಕ್ಕನ ಮನೆಯ ಬಾಗಿಲು ತುಳಿಯುವ ಹಾಗೆ ಮಾಡಲಾರದು. ಅದಕ್ಕೇ ಮೊದಲು ಊರು. ನೀನು ಬಾರದೆ ಹೋದರೆ ಏನು ಮಾಡುತ್ತೇನೆಂದು ಹೇಳುತ್ತೇನೆ ಕೇಳು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ನೀನು ಎಲ್ಲಿ ಮದುವೆ ಶೂಟಿಂಗಿಗೆ ಹೋದರೂ ನಾನು ಅಲ್ಲಿಗೆ ಬರುತ್ತೇನೆ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದಾದರೊಂದು ನೆಂಟಸ್ತಿಕೆ ತೆಗೆಯಲಾಗದ ಮನೆ ನನಗೆ ಸಿಗುವುದು ಕಷ್ಟ. ಜಗಳವಾಡುವುದಿಲ್ಲ, ಕೂಗಾಡುವುದಿಲ್ಲ. ಊಟಕ್ಕೆ ಕೂತು, ಪಾಯಸ ಬರುವವರೆಗೆ ಪಕ್ಕದವನಿಗೆ ಈ ಕತೆ ಹೇಳುತ್ತೇನೆ. ಮೇಲೆ ನಿನ್ನ ಡ್ರೋನು ಸದ್ದು ಮಾಡುತ್ತಿರುವಾಗ, ಕೆಳಗೆ ಆ ಪಂಕ್ತಿಯೆಲ್ಲ ತಲೆ ಎತ್ತಿ ಅದನ್ನು ನೋಡುವ ಹಾಗೆ ಮಾಡುತ್ತೇನೆ. ರಿಟೈರಾದವನಿಗೆ ಬೇರೆ ಕೆಲಸವಿಲ್ಲ, ಮರೆವೂ ಬಂದಿಲ್ಲ.

ಈ ಕಾರ್ತಿಕದ ಕಡೆಯ ಸೋಮವಾರ ಮತ್ತೆ ಪರ ಇದೆ. ಮೊದಲ ಒಲೆ ಹಚ್ಚಲು ಈ ಸಲ ಬೇರೆ ಹೆಂಗಸನ್ನು ಗೊತ್ತುಮಾಡಿದ್ದಾರೆ. ಅವಳು ಕಲ್ಲು ಜೋಡಿಸುವ ಮುಂಚೆ ನೀನು ಅಲ್ಲಿರಬೇಕು. ಡಬ್ಬಿ ಬೇಡ, ಡ್ರೋನು ಬೇಡ, ಬರಿ ಮುಖದಲ್ಲಿ ಬಾ. ದೊಡ್ಡಲಕ್ಷ್ಮಮ್ಮನನ್ನು ನಾನು ಕರೆತರುತ್ತೇನೆ, ಅಕ್ಕನನ್ನೂ. ಇಷ್ಟು ವರ್ಷ ನಿನಗೆ ಬರೆದ ಕಾಗದಗಳಲ್ಲೆಲ್ಲ ಕೊನೆಗೆ ಆಶೀರ್ವಾದ ಬರೆದಿದ್ದೇನೆ. ಇದರಲ್ಲಿ ಬರೆಯುವುದಿಲ್ಲ. ಬೇಕಿದ್ದರೆ ಅದನ್ನು ಅವರಿಬ್ಬರ ಹತ್ತಿರ ಕೇಳಿ ಪಡೆದುಕೊ.

ಇಂತು,
ಬೋರಮ್ಮನ ತಮ್ಮ,
ಅನಂತರಾಜು

ಊರೆಲ್ಲ ಕೇಳುವ ಹಾಗೆ ಎರಡಕ್ಕೆ ಉತ್ತರ ಕೊಡು. ಜೇನು ಎದ್ದಾಗ ಬೋರಮ್ಮನ ಒಲೆ ಹೊತ್ತಿತ್ತೋ ಇಲ್ಲವೋ? ಅವು ಬರುವುದನ್ನು ಕಂಡೂ ನೀನು ಯಾಕೆ ಕೂಗಲಿಲ್ಲ?