ಉಪ್ಪುನೀರು ತಂದ ಬೆಳಕು

ಟಿಕೋಟ, 4 ಜನವರಿ 1949

ಇವತ್ತೂ ಪಾಟಿ ತಿದ್ದುವುದು ಅರ್ಧಕ್ಕೇ ನಿಂತಿತು. ಹುಡುಗಿಯರು ಬರೆದ ಅಕ್ಷರ ನೀರಿನಲ್ಲಿದ್ದಂತೆ ಅಲ್ಲಾಡುತ್ತವೆ. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಮುಖವೂ ಊದಿದೆ. ಎಂಟು ತಿಂಗಳ ಬಸುರಿಗೆ ಇದ್ದದ್ದೇ ಎಂದರು ಅತ್ತೆ. ರಜೆ ಹಾಕು ಎಂದರು ಇವರು. ಹಾಕಲಿಲ್ಲ. ಕನ್ಯಾಶಾಲೆಗೆ ನಾನೊಬ್ಬಳೇ ಅಕ್ಕೋರು...

ವಿಜಾಪುರ, ಆಸ್ಪತ್ರೆ, 9 ಜನವರಿ

ತಲೆ ಸಿಡಿಯುತ್ತಿತ್ತು. ಇವರು ಮೋಟಾರಿನಲ್ಲಿ ಕರೆತಂದರು. ಡಾಕ್ಟರ್ ಗುರುಪಾದಯ್ಯ, ಯುದ್ಧದಲ್ಲಿ ಮಿಲಿಟರಿಯಲ್ಲಿದ್ದವರಂತೆ. ಕಿಟಕಿ ಮುಚ್ಚಿಸಿ, ಸಣ್ಣ ದೀಪವೊಂದನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕಣ್ಣಿಗೆ ಏನಾಗೇತ್ರಿ?”

“ಬ್ಯಾನಿ ಕಣ್ಣಿಂದಲ್ರಿ, ಗೌರಾಬಾಯರ. ಕಿಡ್ನಿ ಕೆಟ್ಟಾವ. ಅದು ಕಣ್ಣಾಗ ಕಾಣಾಕತ್ತೈತಿ.”

ಭಯಕ್ಕಿಂತ ಬೆರಗೇ ಹೆಚ್ಚಾಯಿತು. ಸೊಂಟದೊಳಗಿನ ರೋಗ ಕಣ್ಣಿನಲ್ಲಿ ಕಾಣುವುದೆಂದರೆ!

10 ಜನವರಿ

ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬಿದ್ದರೆ ಬೀಳಲಿ. ಎದ್ದಾಗ ಇನ್ನೂ ಕತ್ತಲೆ. ಗುಬ್ಬಿ ಕೂಗುತ್ತಿದ್ದವು. ದೀಪ ಹಚ್ಚಿರಿ ಎಂದೆ. ಅತ್ತೆ ನನ್ನ ಕೈ ಹಿಡಿದು ಕಿಟಕಿಯ ಕಡೆ ಚಾಚಿದರು. ಆಮೇಲೆ ತಿಳಿಯಿತು — ಕೈಮೇಲೆ ಬಿದ್ದದ್ದು ಬಿಸಿಲು.

27 ಜನವರಿ

ಕಾಣುತ್ತದೆ. ಅಕ್ಷರ ದೊಡ್ಡದಾಗಿ ಬರೆದರೆ ಕಾಣುತ್ತದೆ!

ಕಣ್ಣು ಕತ್ತಲಾದ ಅಂದೇ ಫಿಟ್ಸ್ ಬಂದವಂತೆ. ರಾತ್ರಿ ಹೆರಿಗೆ. ಹೆಣ್ಣು. ನನಗೆ ಎಚ್ಚರವೇ ಇರಲಿಲ್ಲ. ಮುಂದೆ ಮೂತ್ರ ನಿಂತೇಹೋಯಿತು. ಇದೆಲ್ಲ ಅತ್ತೆ ಹೇಳಿದ್ದು. ಹೊಟ್ಟೆಗೆ ನಳಿಗೆ ಹಾಕಿ, ಕುದಿಸಿ ಆರಿಸಿದ ಉಪ್ಪು-ಸಕ್ಕರೆ ನೀರು ತುಂಬುವುದು, ತುಸು ಹೊತ್ತು ತಡೆದು ಹೊರಗೆ ಬಿಡುವುದು ಎಂದರಂತೆ ಡಾಕ್ಟರು. ಅತ್ತೆ ಹರಿಹಾಯ್ದರಂತೆ, “ಹೊಟ್ಟಿ ತೊಳೀತೀರೇನ್ರಿ? ಅದೇನು ಕೊಡಾ ಏನು?”

“ಕಿಡ್ನಿ ಸುಸ್ತಾಗಿ ಕುಂತಾವ ಯವ್ವಾ. ಅವು ಏಳೂತನಾ ಅವುಗಳ ಕೆಲಸಾ ನೀರು ಮಾಡ್ತೈತಿ. ನಾನೂ ಪುಸ್ತಕದಾಗ ಓದೇನಿ ಅಷ್ಟ. ಮಾಡಿ ನೋಡಿಲ್ಲ.”

ಇವರು ಒಪ್ಪಿದರು. ಹಗಲೂ ರಾತ್ರಿ ನೀರು ಒಳಗೆ, ಹೊರಗೆ. ನಡುವೆ ಜ್ವರ ಬಂದು ಎಲ್ಲರೂ ಆಸೆ ಬಿಟ್ಟಿದ್ದರಂತೆ. ಆಮೇಲೆ ಮೂತ್ರ ಬಂತು. ಡಾಕ್ಟರು ಆ ಪಾತ್ರೆಯನ್ನು ತಾವೇ ಹಿಡಿದು ಬಂದು ಇವರಿಗೆ ತೋರಿಸಿದರಂತೆ, ಪ್ರಸಾದ ತೋರಿಸಿದ ಹಾಗೆ.

ನನಗೆ ನೆನಪಿರುವುದು ಬೂದಿ ಬಣ್ಣ. ನಂತರ ಅದರಲ್ಲಿ ಒಂದು ಕೆಂಪು, ಅಲ್ಲಾಡುತ್ತಿತ್ತು.

“ಅತ್ತೀ, ನಿಮ್ಮ ಸೀರಿ ಸೆರಗು ಕೆಂಪೈತೇನ್ರಿ?”

ಎಂದೂ ಅಳದ ಅತ್ತೆ ನನ್ನ ಕಾಲು ಹಿಡಿದುಕೊಂಡು ಅತ್ತರು.

ಡಾಕ್ಟರು ಮತ್ತೆ ದೀಪ ಹಿಡಿದು ನೋಡಿದರು. “ಕಣ್ಣೊಳಗಿನ ಬಾವು ಇಳದೈತ್ರಿ,” ಎಂದರು. ಹೊಟ್ಟೆಯ ನೀರು ಹೊರಗೆ ಹೋಗುತ್ತ ಹೋಗುತ್ತ ಕಣ್ಣಿಗೆ ಬೆಳಕು ಬಂದಿದೆ. ನನ್ನದೇ ದೇಹ... ಇದರೊಳಗೆ ಯಾವುದಕ್ಕೆ ಯಾವುದು ನಂಟೋ, ನನಗೇ ಗೊತ್ತಿರಲಿಲ್ಲ.

ನೋಟದ ನಡುವೆ ಮಾತ್ರ ಒಂದು ಕಪ್ಪು ಚುಕ್ಕೆ ಉಳಿದಿದೆ. ಹೋಗಬಹುದು, ಹೋಗದೆಯೂ ಇರಬಹುದು ಎಂದರು.

29 ಜನವರಿ, ಬೆಳಿಗ್ಗೆ

ಕೂಸನ್ನು ತಂದರು. ಇಷ್ಟು ದಿನ ಹತ್ತಿಯಲ್ಲಿ ಸುತ್ತಿ ಬೇರೆ ಖೋಲಿಯಲ್ಲಿ ಇಟ್ಟಿದ್ದರು. ಎರಡು ಸೇರಿನಷ್ಟೂ ಇಲ್ಲ ಎನಿಸುತ್ತದೆ.

ನೇರ ನೋಡಿದರೆ ಮೂಗು ಮಾಯ. ತುಸು ಓರೆಯಾಗಿ ನೋಡಿದರೆ ಮೂಗು ಬರುತ್ತದೆ, ತುಟಿ ಹೋಗುತ್ತದೆ. ಹೀಗೇ ತಿರುತಿರುಗಿ ನೋಡಿ ಮುಖ ಕೂಡಿಸಿಕೊಂಡೆ. ಹಣೆ ಇವರದು. ಗದ್ದದಲ್ಲಿ ಕುಳಿ, ಯಾರದೋ ತಿಳಿಯದು. ರೆಪ್ಪೆಗಳು ಎಷ್ಟು ತೆಳು, ಒಳಗಿನ ನೀಲಿ ನರ ಕಾಣುತ್ತದೆ. ಕಾಣುತ್ತದೆ ನನಗೆ!

ಈಗ ಎಚ್ಚರಗೊಂಡಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನನ್ನ ಕಡೆಗೇ ನೋಡುತ್ತಿದ್ದಾಳೆ —